ರೇಡಿಯೇಟರಿನ ನೀರು ಖರ್ಚಾಗುವುದಿಲ್ಲ

ಮೇ ತಿಂಗಳ ಮಧ್ಯಾಹ್ನ ಕುಮಟಾದಿಂದ ಶಿರಸಿಗೆ ಹೊರಟರೆ ದೇವಿಮನೆ ಘಟ್ಟದ ಯಾವುದಾದರೂ ತಿರುವಿನಲ್ಲಿ ಬಾನೆಟ್ ತೆರೆದು ನಿಂತ ಕಾರು ಕಾಣಸಿಗುವುದುಂಟು. ಒಳಗಿದ್ದವರೆಲ್ಲ ಮರದ ನೆರಳಿಗೆ ಇಳಿದಿರುತ್ತಾರೆ, ಚಾಲಕನ ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ. ದಾರಿಹೋಕರು ಗಾಡಿ ನಿಲ್ಲಿಸಿ ಸಲಹೆಯನ್ನೂ ಕೊಡುತ್ತಾರೆ: "ನೀರು ಕಡಿಮೆಯಾಗಿರಬೇಕು, ತುಂಬಿಸಿಕೊಂಡು ಹೊರಡಿ." ಅಂಬಾಸಡರ್, ಫಿಯಟ್ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಆ ಗಾಡಿಗಳಲ್ಲಿ ಬಿಸಿಗೆ ಹಿಗ್ಗಿದ ನೀರು ಸಣ್ಣ ಕೊಳವೆಯ ಮೂಲಕ ರಸ್ತೆಗೆ ಚೆಲ್ಲಿಹೋಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಎದ್ದು ಇಂಜಿನ್ನಿನ ನೀರನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೆ ಒಂದು ಚೊಂಬು ನೀರು ಹಾಕುವುದು ಚಾಲಕರ ನಿತ್ಯಕರ್ಮವಾಗಿತ್ತು.

ಇವತ್ತಿನ ಕಾರಿನಲ್ಲಿ ಈ ವ್ಯವಸ್ಥೆ ಮುಚ್ಚಿದ್ದು. ಹಿಗ್ಗಿದ ದ್ರವ ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಹೋಗುತ್ತದೆ, ಇಂಜಿನ್ ತಣಿದಾಗ ಅಲ್ಲಿಂದಲೇ ವಾಪಸು ಬರುತ್ತದೆ. ಪೆಟ್ರೋಲಿನ ಹಾಗೆ ಅದು ಉರಿದು ಮುಗಿಯುವ ವಸ್ತುವಲ್ಲ. ವರ್ಷಗಟ್ಟಲೆಯಲ್ಲಿ ಬಾಟಲಿಯ ಮಟ್ಟ ಕೂದಲೆಳೆಯಷ್ಟು ಇಳಿಯಬಹುದು. ಆದರೆ ತಿಂಗಳಿಗೊಮ್ಮೆ ಅರ್ಧ ಲೀಟರ್ ಹಾಕಬೇಕಾಗಿ ಬರುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ನೀರು ತುಂಬಿಸುತ್ತ ಹೋದವರಿಗೆ ಮುಂದೆ ಬರುವ ಬಿಲ್ಲು ದೊಡ್ಡದು. ಅದು ಏಕೆ ಎಂದು ತಿಳಿಯಲು ಶಾಖ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು.

ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಹೊರಬರುತ್ತದೆ. ಚಕ್ರ ತಿರುಗಿಸಲು ಒದಗುವುದು ಅದರಲ್ಲಿ ಕಾಲುಭಾಗ, ತೀರಾ ಚೆನ್ನಾದ ಇಂಜಿನ್ ಆದರೆ ಮೂರನೇ ಒಂದು ಭಾಗ. ಇನ್ನೊಂದು ದೊಡ್ಡ ಪಾಲು ಸೈಲೆನ್ಸರಿನಿಂದ ಬಿಸಿಗಾಳಿಯಾಗಿ ಹೋಗುತ್ತದೆ. ಉಳಿದ ಶಾಖ ಪೆಟ್ರೋಲು ಉರಿಯುವ ಸಿಲಿಂಡರಿನ ಗೋಡೆಗೂ ಅದನ್ನು ಮೇಲಿನಿಂದ ಮುಚ್ಚುವ ಹೆಡ್‌ಗೂ ಇಳಿಯುತ್ತದೆ. ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ 2,000 ಡಿಗ್ರಿ ದಾಟುತ್ತದೆ. ಶುದ್ಧ ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಗೆ, ಹೆಡ್ ಮಾಡಿರುವ ಅದರ ಮಿಶ್ರಲೋಹ ಅದಕ್ಕೂ ಮೊದಲೇ. ಈ ಎರಡು ಅಂಕಿಗಳ ನಡುವೆ ಲೋಹವನ್ನು ಕಾಯುತ್ತಿರುವುದು ಅದರ ಹಿಂಬದಿಯ ಕಾಲುವೆಗಳಲ್ಲಿ ಎಡೆಬಿಡದೆ ಹರಿಯುವ ನಾಲ್ಕೈದು ಲೀಟರ್ ದ್ರವ.

ಘಟ್ಟದ ಲೆಕ್ಕವನ್ನೇ ಹಾಕಿ ನೋಡಬಹುದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಎಲ್ಲ ಸೇರಿ 1,300 ಕಿಲೋ ತೂಗುವ ಕಾರನ್ನು 500 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಸುಮಾರು 6.4 ಮೆಗಾಜೂಲ್. ಉರಿಸಿದ್ದರಲ್ಲಿ ಕಾಲುಭಾಗ ಮಾತ್ರ ಕೆಲಸಕ್ಕೆ ಬರುವುದರಿಂದ ಇದಕ್ಕಾಗಿಯೇ 25 ಮೆಗಾಜೂಲಿನಷ್ಟು, ಅಂದರೆ ಮುಕ್ಕಾಲು ಲೀಟರಿಗೂ ಹೆಚ್ಚು ಪೆಟ್ರೋಲನ್ನು ಸುಡಬೇಕು. ಅದರ ಮೂರನೇ ಒಂದು ಭಾಗ, ಸುಮಾರು 8 ಮೆಗಾಜೂಲ್, ಈ ದ್ರವ ಹೊರಬೇಕಾದ ಹೊರೆ. ರೇಡಿಯೇಟರ್ ಇಲ್ಲವೇ ಇಲ್ಲ ಎಂದುಕೊಂಡರೆ, ಆ ನಾಲ್ಕೈದು ಲೀಟರ್ ನೀರು ಕುದಿಬಂದು ಅದರಲ್ಲಿ ಮೂರು ಲೀಟರ್ ಆವಿಯಾಗಿ ಹಾರಿಹೋಗಲು ಇಷ್ಟು ಶಾಖ ಸಾಕು. ಇದು ಕಾರನ್ನು ಎತ್ತುವ ಲೆಕ್ಕ ಮಾತ್ರ. ಟೈರಿನ ಘರ್ಷಣೆ, ಎ.ಸಿ., ಮುಂದಿನ ಲಾರಿಯ ಹಿಂದೆ ತೆವಳುವುದು ಇವೆಲ್ಲ ಬೇರೆ.

ಆ ತೆವಳುವುದೇ ದೊಡ್ಡ ತೊಂದರೆ. ಹೊನ್ನಾವರದಿಂದ ಕಾರವಾರಕ್ಕೆ ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ರೇಡಿಯೇಟರಿಗೆ ಗಾಳಿ ತಾನಾಗಿ ಬೀಸುತ್ತದೆ, ಇಂಜಿನ್ನಿಗೆ ಹೊರೆಯೂ ಕಡಿಮೆ. ಅರಬೈಲ್ ಘಟ್ಟದಲ್ಲಿ ಸರಕಿನ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಎಲ್ಲವೂ ತಿರುಗುಮುರುಗು. ಹೊರೆ ಗರಿಷ್ಠ, ಗಾಳಿ ಕನಿಷ್ಠ. ಊರೊಳಗೆ ತಿಂಗಳುಗಟ್ಟಲೆ ಏನೂ ತೊಂದರೆ ಕೊಡದ, ಕೊಳೆಯಿಂದ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಅಲ್ಲಿ ಸಿಕ್ಕಿಬೀಳುತ್ತದೆ.

ದ್ರವ ಸುತ್ತುವ ದಾರಿ ಸರಳವಾದದ್ದು. ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಅದನ್ನು ಸಿಲಿಂಡರುಗಳಿರುವ ಇಂಜಿನ್ ಬ್ಲಾಕಿಗೆ ನೂಕುತ್ತದೆ. ಅಲ್ಲಿಂದ ಹೆಡ್‌ಗೆ ಏರಿ, ಶಾಖ ಹೀರಿಕೊಂಡು, ದಪ್ಪನೆಯ ರಬ್ಬರ್ ಹೋಸಿನ ಮೂಲಕ ರೇಡಿಯೇಟರಿಗೆ ಬಂದು, ತಣಿದು, ಇನ್ನೊಂದು ಹೋಸಿನಿಂದ ಮತ್ತೆ ಪಂಪಿಗೆ ಸೇರುತ್ತದೆ. ಪಂಪಿನ ಹೊರಮೈಯಲ್ಲಿ ಒಂದು ಸಣ್ಣ ರಂಧ್ರ ಬಿಟ್ಟಿರುತ್ತಾರೆ. ಒಳಗಿನ ಸೀಲು ಸವೆದಾಗ ದ್ರವ ಬೇರಿಂಗಿಗೆ ನುಗ್ಗದೆ ಅಲ್ಲಿಂದ ತೊಟ್ಟಿಕ್ಕಲಿ ಎಂದು. ಅದನ್ನು ಎಂಸೀಲ್ ಹಾಕಿ ಮುಚ್ಚುವ ಜಾಣರೂ ಇದ್ದಾರೆ! ಅಲ್ಲಿ ಒಣಗಿದ ಬಣ್ಣದ ಕಲೆ ಕಂಡರೆ ಪಂಪಿನ ಆಯಸ್ಸು ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು.

ಈ ದಾರಿಯಲ್ಲಿ ಒಂದು ಬಾಗಿಲಿದೆ, ಅದರ ಹೆಸರು ಥರ್ಮೋಸ್ಟಾಟ್. ಚಿಕ್ಕ ಲೋಹದ ಡಬ್ಬಿಯೊಳಗೆ ಮೇಣ, ಅದಕ್ಕೆ ತಾಗಿದ ಒಂದು ಕಡ್ಡಿ, ಒಂದು ಸ್ಪ್ರಿಂಗ್. 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಅಲ್ಲಿಯ ತನಕ ದ್ರವ ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ಕಾರಣ, ಇಂಜಿನ್ ತಣ್ಣಗಿರುವುದು ಯಾರಿಗೂ ಬೇಕಾಗಿಲ್ಲ. 90–100 ಡಿಗ್ರಿಯಲ್ಲಿ ಅದು ಆರೋಗ್ಯವಾಗಿರುತ್ತದೆ. ತಣ್ಣಗಿದ್ದರೆ ಪೆಟ್ರೋಲು ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆಯುತ್ತದೆ, ಉರಿದಾಗ ಹುಟ್ಟಿದ ನೀರಾವಿ ಆಯಿಲಿನಲ್ಲೇ ಉಳಿದು ಗಸಿಗಟ್ಟುತ್ತದೆ.

ನಮ್ಮ ಕಡೆ "ಇಲ್ಲಿಯ ಸೆಕೆಗೆ ಥರ್ಮೋಸ್ಟಾಟ್ ಯಾಕೆ, ತೆಗೆದುಬಿಡೋಣ" ಎನ್ನುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಈ ಮಾತನ್ನು ಕೇಳಬೇಡಿ. ಅದನ್ನು ತೆಗೆದ ಕಾರಿನ ಕಂಪ್ಯೂಟರ್ ಇಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ಭಾವಿಸಿ ಹೆಚ್ಚು ಪೆಟ್ರೋಲು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ವಿಚಿತ್ರವೆಂದರೆ ಕೆಲವು ಇಂಜಿನ್ನುಗಳು ಘಟ್ಟದಲ್ಲಿ ಮೊದಲಿಗಿಂತ ಹೆಚ್ಚೇ ಬಿಸಿಯಾಗುತ್ತವೆ. ಅವುಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿ ತೆರೆಯುವಾಗಲೇ ಒಳಸುತ್ತಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲದಾಗ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಅಡ್ಡದಾರಿಯಲ್ಲೇ ಸುತ್ತುತ್ತಿರುತ್ತದೆ. ಥರ್ಮೋಸ್ಟಾಟ್ ಕೆಟ್ಟು ಮುಚ್ಚಿಕೊಂಡೇ ಕೂತಿದ್ದರೆ ಬದಲಿಸಬೇಕು, ಅಷ್ಟೆ. ಇಂಜಿನ್ ಬಿಸಿಯೇರಿದ್ದರೂ ರೇಡಿಯೇಟರಿಗೆ ಹೋಗುವ ಹೋಸ್ ತಣ್ಣಗಿದ್ದರೆ ಅದು ಮುಚ್ಚಿಕೊಂಡಿದೆ ಎಂಬುದರ ಗುರುತು.

ಇನ್ನು ರೇಡಿಯೇಟರ್. ಚಪ್ಪಟೆ ಕೊಳವೆಗಳ ಸಾಲು, ಅವುಗಳ ನಡುವೆ ತೆಳು ತಗಡಿನ ನೆರಿಗೆ. ನೀರಿನ ಶಾಖ ಕೊಳವೆಗೆ, ಕೊಳವೆಯಿಂದ ನೆರಿಗೆಗೆ, ನೆರಿಗೆಯಿಂದ ಗಾಳಿಗೆ. ಗಾಳಿಗೆ ತಾಗುವ ಮೈ ಎಷ್ಟು ವಿಶಾಲವೋ ಅಷ್ಟು ಕೆಲಸ. ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 1900ರಲ್ಲಿ ಮೊದಲ ಮರ್ಸಿಡಿಸ್ ಕಾರಿಗೆಂದು ಸಾವಿರಾರು ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿ ರೇಡಿಯೇಟರ್ ಮಾಡಿದ್ದು ಈ ತತ್ವದ ಮೇಲೆಯೇ. ಹಿಂದೆ ತಾಮ್ರ–ಹಿತ್ತಾಳೆಯ ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದಿತ್ತು. ಈಗಿನವು ಅಲ್ಯೂಮಿನಿಯಮ್, ಎರಡು ತುದಿಗೆ ಪ್ಲಾಸ್ಟಿಕ್ ತೊಟ್ಟಿ. ತೊಟ್ಟಿ ಬಿರುಕು ಬಿಟ್ಟರೆ ಬದಲಿಸುವುದೇ ಲೇಸು.

ಕರಾವಳಿಯವರಿಗೆ ಇಲ್ಲೊಂದು ಸಮಾಧಾನದ ಸಂಗತಿ ಇದೆ. ಕಾರವಾರದ ಸೆಕೆ ನಮ್ಮನ್ನು ಬೇಯಿಸುವುದು ಗಾಳಿಯ ತೇವ ಬೆವರನ್ನು ಆರಗೊಡುವುದಿಲ್ಲವಾದ್ದರಿಂದ. ರೇಡಿಯೇಟರ್ ಬೆವರುವುದಿಲ್ಲ. ಅದಕ್ಕೆ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣತೆ ಮತ್ತು ಬೀಸುವ ಪ್ರಮಾಣ. ನಾವು ಒದ್ದೆಯಾಗಿ ಒದ್ದಾಡುವ 34 ಡಿಗ್ರಿ, ಕಲಬುರಗಿಯ 42 ಡಿಗ್ರಿಗಿಂತ ಕಾರಿಗೆ ಎಷ್ಟೋ ಹಿತ.

ನಿಂತಾಗ, ತೆವಳುವಾಗ ಗಾಳಿ ಕೊಡುವುದು ಫ್ಯಾನ್. ಸಣ್ಣ ಕಾರುಗಳಲ್ಲಿ ಅದು ವಿದ್ಯುತ್ತಿನದು, ಸಾಮಾನ್ಯವಾಗಿ 95 ಡಿಗ್ರಿ ದಾಟಿದ ಮೇಲೆ ತಾನಾಗಿ ಶುರುವಾಗುತ್ತದೆ, ಎ.ಸಿ. ಹಾಕಿದರೂ ತಿರುಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಸಿಕ್ಕಿಕೊಂಡ ಕಾರಿನ ಗತಿಯೆಲ್ಲ ಈ ಫ್ಯಾನಿನ ಕೈಯಲ್ಲಿದೆ. ಫ್ಯೂಸ್, ರಿಲೇ, ಮೋಟಾರು ಯಾವುದು ಕೈಕೊಟ್ಟರೂ ಹೆದ್ದಾರಿಯಲ್ಲಿ ಗೊತ್ತೇ ಆಗುವುದಿಲ್ಲ, ನಿಂತಾಗ ಉಷ್ಣತೆ ತೋರಿಸುವ ಮುಳ್ಳು ಏರುತ್ತದೆ. ಇಂಜಿನ್ ಚಾಲೂ ಮಾಡಿ, ಎ.ಸಿ. ಹಾಕದೆ, ಹದಿನೈದಿಪ್ಪತ್ತು ನಿಮಿಷ ನಿಲ್ಲಿಸಿ ಫ್ಯಾನಿನ ಸದ್ದು ಕೇಳಿಸುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಖರ್ಚೇನೂ ಇಲ್ಲ.

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯುವ ಭಾಗ ಮುಚ್ಚಳ. ಅದು ಮಾಡುವ ಕೆಲಸ ಕುಕ್ಕರಿನ ಮುಚ್ಚಳದ್ದೇ. ಒಳಗಿನ ಒತ್ತಡ ಏರಿಸಿದರೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಹಲವು ಮುಚ್ಚಳಗಳ ಮೇಲೆ 0.9 ಅಥವಾ 1.1 ಎಂಬ ಅಂಕಿ ಇರುತ್ತದೆ, ಅದು ಹೊರಗಿನ ವಾತಾವರಣಕ್ಕಿಂತ ಎಷ್ಟು ಹೆಚ್ಚು ಒತ್ತಡವನ್ನು ಅದು ತಡೆಯುತ್ತದೆ ಎಂಬುದರ ಸೂಚನೆ. ಸುಮಾರು 1 ಬಾರ್ (ಹೆಚ್ಚುಕಡಿಮೆ ಹೊರಗಿನ ವಾತಾವರಣದಷ್ಟೇ) ಹೆಚ್ಚುವರಿ ಒತ್ತಡದಲ್ಲಿ ಬರಿಯ ನೀರು ಕುದಿಯುವುದು 120 ಡಿಗ್ರಿಗೆ. ನೀರಿಗೆ ಬೆರೆಸಲೆಂದೇ ಮಾರುವ ಕೂಲಂಟ್ ಎಂಬ ದ್ರವವನ್ನು ಅರ್ಧಕ್ಕರ್ಧ ಬೆರೆಸಿದ್ದರೆ 130ರ ಹತ್ತಿರಕ್ಕೆ. ಮುಚ್ಚಳದಲ್ಲಿ ಎರಡು ಕವಾಟಗಳಿವೆ. ಒಂದು ಒತ್ತಡ ಮಿತಿಮೀರಿದಾಗ ದ್ರವವನ್ನು ಬಾಟಲಿಗೆ ಬಿಡುತ್ತದೆ, ಇನ್ನೊಂದು ತಣಿದಾಗ ವಾಪಸು ಎಳೆದುಕೊಳ್ಳುತ್ತದೆ. ಅದರ ರಬ್ಬರ್ ಒಣಗಿ ಬಿರಿದರೆ ಎರಡೂ ಕೆಡುತ್ತವೆ: ಒತ್ತಡ ನಿಲ್ಲದೆ ಬೇಗ ಕುದಿಯುತ್ತದೆ, ಹೋದದ್ದು ಹಿಂದಿರುಗುವುದಿಲ್ಲ. ಬಾಟಲಿ ತುಂಬಿ ತುಳುಕುತ್ತಿರುತ್ತದೆ, ರೇಡಿಯೇಟರ್ ಮಾತ್ರ ಬರಿದು. ಬಾಟಲಿ ನೋಡಿ ನೆಮ್ಮದಿಪಟ್ಟು ಘಟ್ಟ ಹತ್ತಿದವರು ಮೋಸಹೋಗುವುದು ಹೀಗೆ. ಆದ್ದರಿಂದ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಅಪರೂಪಕ್ಕೊಮ್ಮೆ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ಒಳಗೆ ನೋಡಬೇಕು. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ. ಅಲ್ಲಿ ಬಾಟಲಿಯೇ ಒತ್ತಡದ ತೊಟ್ಟಿ, ಅದರ ಮುಚ್ಚಳಕ್ಕೂ ಇದೇ ಮಾತು.

ಬಿಸಿ ಇರುವಾಗ ಮಾತ್ರ ಯಾವ ಮುಚ್ಚಳವನ್ನೂ ಮುಟ್ಟಬಾರದು. ಒತ್ತಡದಲ್ಲಿ 110 ಡಿಗ್ರಿಯಲ್ಲಿದ್ದೂ ಕುದಿಯದೆ ಇದ್ದ ನೀರು ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಉಗಿಯಾಗಿ ಮೇಲೆ ಹಾರುತ್ತದೆ. ಬಟ್ಟೆ ಸುತ್ತಿಕೊಂಡರೆ ಮುಖ, ಕೈ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಹಾಗಾದರೆ ಏನು ತುಂಬಿಸಬೇಕು? ಕೂಲಂಟ್ ನೀರಿಗಿಂತ ಚೆನ್ನಾಗಿ ತಣಿಸುತ್ತದೆ ಎಂಬ ನಂಬಿಕೆ ತಪ್ಪು. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವ ಅಗ್ಗದ ದ್ರವ ಇನ್ನೊಂದಿಲ್ಲ. ಕೂಲಂಟಿನ ಮುಖ್ಯ ವಸ್ತುವಾದ ಎಥಿಲೀನ್ ಗ್ಲೈಕಾಲ್ ಬೆರೆತಷ್ಟೂ ಆ ಶಕ್ತಿ ಸ್ವಲ್ಪ ಇಳಿಯುತ್ತದೆ. ಅರ್ಧಕ್ಕರ್ಧ ಮಿಶ್ರಣ ಹೆಪ್ಪುಗಟ್ಟುವುದು ಮೈನಸ್ 37 ಡಿಗ್ರಿಗೆ, ಅದರಿಂದ ಕಾರವಾರದವರಿಗೆ ಆಗಬೇಕಾದ್ದೇನೂ ಇಲ್ಲ. ಆದರೂ ಅದು ಬೇಕು, ಏಕೆಂದರೆ ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ. ಇಂಜಿನ್ನಿನಲ್ಲಿ ಎರಕದ ಕಬ್ಬಿಣ, ಅಲ್ಯೂಮಿನಿಯಮ್, ಉಕ್ಕು ಒಂದೇ ನೀರಿನಲ್ಲಿ ಮುಳುಗಿವೆ. ಬೇರೆ ಬೇರೆ ಲೋಹಗಳು ಹೀಗೆ ಕೂಡಿದರೆ ಒಂದು ಇನ್ನೊಂದನ್ನು ಉಳಿಸಿ ತಾನು ಕರಗುತ್ತದೆ, ಹೆಚ್ಚಾಗಿ ಕರಗುವುದು ಅಲ್ಯೂಮಿನಿಯಮ್. ಈ ರಾಸಾಯನಿಕಗಳು ಕಾಲಕ್ರಮದಲ್ಲಿ ತೀರುತ್ತವೆ, ಕೂಲಂಟಿನ ಬಣ್ಣ ಹೊಳೆಯುತ್ತಿದ್ದರೂ. ಹಳೆಯ ಬಗೆಯದಕ್ಕೆ ಎರಡು ವರ್ಷ, ಸಾವಯವ ಆಮ್ಲದ ಬಗೆಯದಕ್ಕೆ ಐದು ವರ್ಷ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳು ಕಂಪನಿಗಳ ಇಷ್ಟ, ಬಣ್ಣ ಒಂದೇ ಎಂದು ಬೆರೆಸುವಂತಿಲ್ಲ. ಹೊಂದದ ಎರಡು ಬಗೆ ಕೂಡಿದರೆ ಕೆಲವೊಮ್ಮೆ ಲೋಳೆಗಟ್ಟಿ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಗಟ್ಟಿ ಕೂಲಂಟನ್ನು ನೀರು ಬೆರೆಸದೆ ಹಾಕುವುದೂ ಬೇಡ, ದುಡ್ಡು ಕೊಟ್ಟು ತಣಿಸುವ ಶಕ್ತಿ ಕಳೆದುಕೊಂಡಂತಾಗುತ್ತದೆ.

ಬೆರೆಸುವ ನೀರಿನ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ತನ್ನದೇ ತಕರಾರಿದೆ. ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ಅಳಿವೆಯ ಬಳಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ನುಗ್ಗುತ್ತದೆ. ಆ ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ಸೂಜಿ ಚುಚ್ಚಿದ ಹಾಗೆ ತೂತು ಮಾಡುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಆ ಪೊರೆ ಶಾಖವನ್ನು ದಾಟಗೊಡುವುದಿಲ್ಲ. ಅಂಗಡಿಯ ಬಾಟಲಿ ನೀರಿನಲ್ಲೂ ಲವಣವಿರುತ್ತದೆ. ಬೇಕಾದದ್ದು ಬ್ಯಾಟರಿಗೆ ಹಾಕುವ ಶುದ್ಧ ನೀರು. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ಕರೆಂಟಿನ ಕೃಪೆಯಿಂದ ಅನೇಕ ಮನೆಗಳಲ್ಲಿ ಇನ್ವರ್ಟರ್ ಇದೆ, ಅದರ ಪಕ್ಕದಲ್ಲಿ ಈ ನೀರಿನ ಕ್ಯಾನೂ ಇದೆ. ಅದು ಆ್ಯಸಿಡ್ ಅಲ್ಲ, ನೀರೇ ಎಂದು ಚೀಟಿ ಓದಿ ಖಚಿತಪಡಿಸಿಕೊಂಡರೆ ಸಾಕು. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಕುಡಿಯುವ ನೀರು ಹಾಕಿ ಊರು ಸೇರಿ, ಆಮೇಲೆ ಪೂರ್ತಿ ಖಾಲಿ ಮಾಡಿಸಿ ಹೊಸದು ತುಂಬಿಸಿ. ತುಂಬಿಸುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಹೆಡ್‌ನ ಮೂಲೆಯಲ್ಲಿ ಗಾಳಿಗುಳ್ಳೆ ಕೂತರೆ ಅಲ್ಲಿ ನೀರೇ ಇಲ್ಲದಂತಾಗುತ್ತದೆ.

ಹೊರಗಿನ ಉಪ್ಪೂ ಕಡಿಮೆಯದಲ್ಲ. ಕಡಲಿನ ಹತ್ತಿರ ನಿಲ್ಲುವ ಕಾರಿನ ರೇಡಿಯೇಟರಿನ ನೆರಿಗೆಗಳು ಕೆಲವೇ ವರ್ಷಗಳಲ್ಲಿ ಬಿಳಿ ಹುಡಿಯಾಗಿ ಉದುರಬಹುದು, ಬೆರಳು ತಾಗಿದರೆ ಪುಡಿಯಾಗುವಷ್ಟು. ನೆರಿಗೆ ಕೊಳವೆಯಿಂದ ಬಿಟ್ಟುಕೊಂಡರೆ ಸೋರಿಕೆ ಇಲ್ಲದಿದ್ದರೂ ಶಾಖ ಹೋಗುವುದಿಲ್ಲ. ಹೋಸಿನ ಕ್ಲಿಪ್ಪುಗಳೂ ತುಕ್ಕು ಹಿಡಿಯುತ್ತವೆ. ಘಟ್ಟದ ಮೇಲೆ ತೊಂದರೆ ಬೇರೆ: ಕೆಂಪು ಧೂಳು, ಹುಳ, ಒಣ ಎಲೆಯ ಚೂರು. ಎ.ಸಿ.ಯ ಶಾಖ ಹೊರಬಿಡುವ ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತಿರುವುದರಿಂದ ಎರಡರ ನಡುವಿನ ಸಂದಿಯಲ್ಲಿ ಇವು ಹೆಪ್ಪುಗಟ್ಟುವುದು ಹೊರಗೆ ಕಾಣುವುದೇ ಇಲ್ಲ. ಸಿಹಿನೀರಿನ ಸಾಮಾನ್ಯ ಪೈಪಿನಿಂದ, ಸಾಧ್ಯವಾದರೆ ಇಂಜಿನ್ ಕಡೆಯಿಂದ ಹೊರಕ್ಕೆ, ಆಗಾಗ ತೊಳೆಯಬೇಕು. ಸರ್ವಿಸ್ ಮಾಡುವಲ್ಲಿನ ಜೋರು ಒತ್ತಡದ ಪಂಪನ್ನು ಹತ್ತಿರ ಹಿಡಿದರೆ ನೆರಿಗೆಗಳೆಲ್ಲ ಮಡಚಿ ಗಾಳಿಯ ದಾರಿ ಮುಚ್ಚುತ್ತದೆ.

ಉಷ್ಣತೆಯ ಮುಳ್ಳನ್ನು ನಂಬುವುದಕ್ಕೂ ಮಿತಿ ಇದೆ. ಅನೇಕ ಕಾರುಗಳಲ್ಲಿ ಅದು ಸಾಕಷ್ಟು ವ್ಯತ್ಯಾಸವಾದರೂ ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ, ಜನ ಗಾಬರಿಯಾಗದಿರಲೆಂದು. ಅದು ಮೇಲೆ ಏರಲು ಶುರುವಾಯಿತು ಎಂದರೆ ಆಗಲೇ ತಡವಾಗಿದೆ. ಮುಳ್ಳಿಲ್ಲದ ಕಾರುಗಳಲ್ಲಿ ನೀಲಿ ದೀಪ ಇಂಜಿನ್ ತಣ್ಣಗಿದೆ ಎನ್ನುತ್ತದೆ, ಕೆಂಪು ದೀಪ ಅಪಾಯ ಎನ್ನುತ್ತದೆ. ಇನ್ನೊಂದು ಬಲೆಯೂ ಇದೆ. ಹೋಸ್ ಒಡೆದು ನೀರೆಲ್ಲ ಒಮ್ಮೆಲೇ ಹೋದರೆ ಸೆನ್ಸರ್ ಬರಿ ಗಾಳಿಯಲ್ಲಿ ನಿಂತು ಕಡಿಮೆ ತೋರಿಸಬಹುದು. ಮುಳ್ಳು ಏರಿ ಥಟ್ಟನೆ ಬಿದ್ದರೆ ಅದು ಶುಭವಾರ್ತೆಯಲ್ಲ.

ಘಟ್ಟದಲ್ಲಿ ಮುಳ್ಳು ಏರತೊಡಗಿದಾಗ ಮೊದಲು ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಅದರ ಫ್ಯಾನ್ ಜೋರಾಗಿಡಬೇಕು. ಕಿಟಕಿ ತೆಗೆದು ಬೆವರು ಸುರಿಸುವುದು ಅನಿವಾರ್ಯ. ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಇನ್ನೊಂದು ಪುಟ್ಟ ರೇಡಿಯೇಟರ್ ಆದ್ದರಿಂದ ಅಷ್ಟು ಶಾಖ ಅಲ್ಲಿಂದ ಹೊರಬೀಳುತ್ತದೆ. ತಿರುವಿಲ್ಲದ, ಅಗಲವಾದ ಜಾಗ ಸಿಕ್ಕಿದೊಡನೆ ನಿಲ್ಲಿಸಿ. ಉಗಿ ಬರುತ್ತಿಲ್ಲ, ಮುಳ್ಳು ಕೆಂಪು ಮುಟ್ಟಿಲ್ಲ, ಫ್ಯಾನ್ ತಿರುಗುತ್ತಿದೆ ಎಂದಾದರೆ ಇಂಜಿನ್ ಚಾಲೂ ಇರಲಿ, ನೀರು ಸುತ್ತುತ್ತಿರುತ್ತದೆ. ಉಗಿ ಕಂಡರೆ ಅಥವಾ ಕೆಂಪು ಮುಟ್ಟಿದರೆ ತಕ್ಷಣ ಆರಿಸಿ. ಅರ್ಧ ಗಂಟೆಯಾದರೂ ಕಾಯಬೇಕು, ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆಯೇ ಮುಚ್ಚಳ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಅಷ್ಟರಲ್ಲೂ "ಇನ್ನೆರಡೇ ತಿರುವು" ಎಂದು ಓಡಿಸಿದರೆ ಹೆಡ್ ಡೊಂಕಾಗುತ್ತದೆ. ಅಲ್ಯೂಮಿನಿಯಮ್ ಹೆಡ್ ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗುತ್ತದೆ, ಬೋಲ್ಟುಗಳು ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ಎರಡರ ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೆಡುತ್ತದೆ. ಆಮೇಲೆ ಉರಿಯುವ ಅನಿಲ ನೀರಿಗೆ ನುಗ್ಗುತ್ತದೆ, ನೀರು ಸಿಲಿಂಡರಿಗೆ ಸೋರುತ್ತದೆ. ಕೆಳಗೆ ಒಂದು ಹನಿಯೂ ಬೀಳದೆ ಬಾಟಲಿ ಖಾಲಿಯಾಗುವ ಕಾರಿನಲ್ಲಿ ಮೊದಲು ಸಂಶಯಪಡಬೇಕಾದ್ದು ಇದನ್ನೇ. ಆಯಿಲ್ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುವುದು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಅದರ ಇತರ ಗುರುತುಗಳು. ಡಿಸೆಂಬರಿನ ಬೆಳಿಗ್ಗೆ ಶಿರಸಿಯಲ್ಲಿ ಸೈಲೆನ್ಸರಿನಿಂದ ಬರುವ ಬಿಳಿ ಆವಿ ಬೇರೆ, ಅದು ಕೆಲವು ನಿಮಿಷದಲ್ಲಿ ಮಾಯವಾಗುತ್ತದೆ. ಹೆಡ್ ಬಿಚ್ಚಿ, ಲೇತ್‌ಗೆ ಕಳಿಸಿ ಸಪಾಟು ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸುವ ಖರ್ಚಿನಲ್ಲಿ ಹತ್ತಾರು ಮುಚ್ಚಳ, ಹೋಸ್, ಥರ್ಮೋಸ್ಟಾಟ್ ಬರುತ್ತವೆ.

ಹಳೆಯ ಕೂಲಂಟನ್ನು ಗಟಾರಕ್ಕೋ ತೋಟದ ಅಂಚಿಗೋ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಅಂಗಳದಲ್ಲಿ ಬಿದ್ದದ್ದನ್ನು ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕ್ಯಾನಿನಲ್ಲಿ ತುಂಬಿ ಸರ್ವಿಸ್ ಮಾಡುವ ಗ್ಯಾರೇಜಿಗೆ ಕೊಡಿ, ನೆಲಕ್ಕೆ ಚೆಲ್ಲಿದ್ದಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.